ಹಾಸನದಲ್ಲಿ ಅಂಜಲ್ ಬೇಕಾ? ಬಿ.ಎಂ. ರಸ್ತೆ ಕಡೆಯ ಈ ಮೀನಂಗಡಿಗೆ ಹೋಗಿ

ಹಾಸನದಲ್ಲಿ ಕಾಟ್ಲಾ, ರೋಹುನಂಥ ಕೆರೆ ಮೀನಿಗೆ ಬರವಿಲ್ಲ. ಸಮುದ್ರದ ಮೀನಾದ ಒಳ್ಳೆ ಅಂಜಲ್ (ಸುರ್ಮಾಯಿ) ಸಿಗುವುದೇ ಕಷ್ಟ. ಬಿ.ಎಂ. ರಸ್ತೆ ಕಡೆ ಇರುವ ಈ ಸಣ್ಣ ಅಂಗಡಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಇಲ್ಲಿ ಇಡೀ ಮೀನು ತೋರಿಸಿ, ಎದುರಿಗೇ ಕತ್ತರಿಸಿ ಕೊಡುತ್ತಾರೆ, ಅದಕ್ಕೇ ಅಷ್ಟು ಸ್ಟಾರು.

ಸ್ಲೈಸ್ ಮಾಡಿ ಟ್ರೇಯಲ್ಲಿ ಇಟ್ಟ ಮೇಲೆ ಯಾವುದು ಅಂಜಲ್, ಯಾವುದು ಬೇರೆ ದೊಡ್ಡ ಮೀನು ಅಂತ ನಮ್ಮಂಥ ಘಟ್ಟದ ಮೇಲಿನವರಿಗೆ ಎಲ್ಲಿ ಗೊತ್ತಾಗಬೇಕು? ಇಡೀ ಮೀನಾದರೆ ನೋಡಿದ ತಕ್ಷಣ ತಿಳಿಯುತ್ತದೆ. ಬೆಳ್ಳಿ ಬಣ್ಣದ ಉದ್ದ ಮೈ, ಪಕ್ಕೆಯಲ್ಲಿ ಮೇಲಿಂದ ಕೆಳಕ್ಕೆ ಅಂಕುಡೊಂಕು ಕಪ್ಪು ಗೆರೆಗಳು. ಗೆರೆ ಬದಲು ಚುಕ್ಕೆ ಇದ್ದರೆ ಅದು ಇದರ ದಾಯಾದಿ, ಗಾತ್ರದಲ್ಲಿ ಚಿಕ್ಕದು. ಅದೂ ರುಚಿಯೇ, ಆದರೆ ರೇಟು ಬೇರೆ ಕೇಳಿ.

ಕತ್ತರಿಸುವ ಹುಡುಗ ಒಮ್ಮೆ ಮೀನಿನ ಬಾಯಿ ಬಿಡಿಸಿ ತೋರಿಸಿದ. ತ್ರಿಕೋನದ ಹಲ್ಲು, ಬ್ಲೇಡಿನಷ್ಟು ಚೂಪು. "ಕೈ ಹಾಕ್ಬೇಡಿ ಅಣ್ಣ, ಸತ್ತಿದ್ರೂ ಕುಯ್ಯುತ್ತೆ" ಅಂದ. ಶೋಕಿಗೆ ಗಾಳ ಹಾಕುವವರು ಈ ಮೀನಿಗೆ ನೈಲಾನ್ ದಾರ ಒಂದನ್ನೇ ನಂಬದೆ ಕೊಕ್ಕೆಯ ಹತ್ತಿರ ಸ್ಟೀಲ್ ತಂತಿ ಕಟ್ಟುವುದು ಈ ಹಲ್ಲಿಗೆ ಹೆದರಿಯೇ. ಓಡುವ ಬೋಟಿನ ಹಿಂದೆ ಗಾಳ ಎಳೆದುಕೊಂಡು ಹೋಗುತ್ತಾರೆ, ಇದು ಬೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ತಿನ್ನುವ ಮೀನು, ಕಚ್ಚಿತು ಅಂದ್ರೆ ರೀಲಿನ ದಾರ ಸರ್ರನೆ ಬಿಚ್ಚಿಕೊಂಡು ಹೋಗುತ್ತದೆ. ದಕ್ಷಿಣ ಆಫ್ರಿಕಾದಿಂದ ಆಸ್ಟ್ರೇಲಿಯಾ, ಫಿಜಿವರೆಗೂ ಇದಕ್ಕೆ ಗಾಳ ಹಾಕುವವರಿದ್ದಾರೆ. 70 ಕಿಲೋವರೆಗೂ ಬೆಳೆಯುತ್ತದಂತೆ! ನಮ್ಮ ಅಂಗಡಿಗೆ ಬರುವುದು ಮೂರೋ ನಾಲ್ಕೋ ಕಿಲೋದ್ದು.

ಸ್ಲೈಸ್ ಕೇಳುವಾಗ ಒಂದು ಮಾತು. ತಲೆ ಕಡೆಯ ತುಂಡಿನಲ್ಲಿ ಹೊಟ್ಟೆಯ ಜಾಗ ಖಾಲಿ ಇರುತ್ತದೆ, ಕೊಬ್ಬು ಜಾಸ್ತಿ. ಬಾಲದ ಕಡೆಯದ್ದು ಗಟ್ಟಿ ದುಂಡು, ತವಾ ಫ್ರೈಗೆ ಅದೇ ಸರಿ. ನಡು ಮುಳ್ಳು ತೆಗೆದರೆ ಮಕ್ಕಳಿಗೂ ಧೈರ್ಯವಾಗಿ ಕೊಡಬಹುದು. ತಲೆ ಬಿಟ್ಟು ಬರಬೇಡಿ, ಸಾರಿಗೆ ಅದರಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಭಾನುವಾರಕ್ಕೆ. ಮಧ್ಯಾಹ್ನದ ಹೊತ್ತಿಗೆ ರಶ್ ಆಗಿ, ಬೆಳಿಗ್ಗೆಯೇ ಕತ್ತರಿಸಿದ ತುಂಡುಗಳು ಐಸ್ ಕರಗಿದ ನೀರಲ್ಲಿ ತೇಲುತ್ತಿರುತ್ತವೆ. ಅದನ್ನು ಮಾತ್ರ ತಗೋಬೇಡಿ. ಅಂಜಲ್ ಬಂಗುಡೆಯದೇ ಕುಟುಂಬದ ಮೀನು, ತಣ್ಣಗೆ ಇಡದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಅನ್ನುವ, ಅಲರ್ಜಿಯಂಥ ತೊಂದರೆ ತರುವ ವಸ್ತು ಸೇರಿಕೊಳ್ಳುತ್ತದೆ. ಎಷ್ಟು ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ಮೈಯೆಲ್ಲ ತುರಿಕೆ ಶುರುವಾಗಬಹುದು. ಜೊತೆಗೆ ಒಂದೊಂದು ದಿನ ಮೊಟ್ಟೆ ಇಡುವ ವಯಸ್ಸಿಗೂ ಬಾರದ ಮರಿ ಅಂಜಲ್ ತಂದು ರಾಶಿ ಹಾಕಿರುತ್ತಾರೆ. ಅಗ್ಗ ನಿಜ, ನನಗಂತೂ ಕೊಳ್ಳಲು ಮನಸ್ಸಾಗುವುದಿಲ್ಲ.

ಜೂನ್, ಜುಲೈನಲ್ಲಿ ಹೋಗುವವರು ಕೇಳಿಯೇ ತಗೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ, ಸಾಲದ್ದಕ್ಕೆ ಕರಾವಳಿಯಿಂದ ಬರುವ ದಾರಿಯ ಶಿರಾಡಿ ಘಾಟಿಯಲ್ಲಿ ಮಳೆ. ಆಗ ಸಿಗುವುದು ಫ್ರೀಜರ್ ಮಾಲೋ, ಬೇರೆ ರಾಜ್ಯದ್ದೋ ಆಗಿರುತ್ತದೆ. ಅಂಗಡಿಯವರು ಮುಚ್ಚಿಡುವುದಿಲ್ಲ, "ಇದು ಐಸ್‌ದು ಸಾರ್, ಬೇಕಾದ್ರೆ ತಗೊಳ್ಳಿ" ಅಂತ ನೇರವಾಗಿಯೇ ಹೇಳುತ್ತಾರೆ. ಪಾರ್ಕಿಂಗ್ ಇಲ್ಲ, ಬೈಕಲ್ಲಿ ಹೋದರೆ ವಾಸಿ.