ನೋವಾ, ನಯಾಗರಾ, ಓಲಾಂಚರ್: ಹೋಮ್ ಸ್ಕ್ರೀನಿನಲ್ಲಿ ಕೊನೆಗೆ ಯಾವುದನ್ನು ಉಳಿಸಿಕೊಂಡೆ

ಆಂಡ್ರಾಯ್ಡ್ ಫೋನಿನ ಹೋಮ್ ಸ್ಕ್ರೀನನ್ನೂ ಆಪ್‌ಗಳ ಪಟ್ಟಿಯನ್ನೂ ತೋರಿಸುವ ಆಪ್‌ಗೆ ಲಾಂಚರ್ ಎನ್ನುತ್ತಾರೆ. ಅಂಥ ಮೂರನ್ನು ಬಳಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಓಲಾಂಚರ್. ಕಡಿಮೆ ಬೆಲೆಯ ಹೊಸ ಫೋನ್ ಕೊಂಡ ಮೇಲೆ ಈ ಹುಡುಕಾಟ ಶುರುವಾಯಿತು. ಫೋನೇನೋ ಚೆನ್ನಾಗಿದೆ. ಆದರೆ ಕಂಪನಿಯವರೇ ಹಾಕಿಕೊಟ್ಟ ಹೋಮ್ ಸ್ಕ್ರೀನಿನಲ್ಲಿ ನಾನು ಕೇಳದ ಆಪ್‌ಗಳ ಫೋಲ್ಡರ್, ಎಡಕ್ಕೆ ಸರಿಸಿದರೆ ಸುದ್ದಿಗಳ ಸಂತೆ, ಅಳಿಸಿದ್ದೆಲ್ಲ ಮುಂದಿನ ಅಪ್‌ಡೇಟ್‌ನಲ್ಲಿ ವಾಪಸ್. ಹಾಗಾಗಿ ಬೇರೆ ಲಾಂಚರ್ ಹಾಕಿಕೊಳ್ಳಲೇಬೇಕಾಯಿತು.

ನೋವಾ ನನಗೆ ಹಳೆಯ ಪರಿಚಯ. ಅದರ ಪ್ರೈಮ್ ಎಂಬ ಪಾವತಿ ಆವೃತ್ತಿಗೆ ಹಿಂದೆಯೇ ದುಡ್ಡು ಕೊಟ್ಟಿದ್ದೆ. ಆ ಖರೀದಿ ಗೂಗಲ್ ಖಾತೆಯ ಜೊತೆಗೇ ಇರುವುದರಿಂದ ಹೊಸ ಫೋನಿಗೂ ಬಂತು. ಸಾಲು ಎಷ್ಟಿರಬೇಕು, ಐಕಾನ್ ಎಷ್ಟು ದೊಡ್ಡದಿರಬೇಕು, ಬೆರಳು ಮೇಲಕ್ಕೆಳೆದರೆ ಏನಾಗಬೇಕು, ಎಲ್ಲವೂ ನಮ್ಮ ಕೈಯಲ್ಲಿ. ಒಂದು ಬ್ಯಾಕಪ್ ಫೈಲ್ ಇಟ್ಟುಕೊಂಡರೆ ಹಳೆಯ ಸ್ಕ್ರೀನ್ ಹೊಸ ಫೋನಿನಲ್ಲಿ ಹಾಗ್ಹಾಗೇ ಎದ್ದು ನಿಲ್ಲುತ್ತದೆ. ನನ್ನ ಹಿಂಜರಿಕೆ ಬೇರೆ. ನೋವಾವನ್ನು 2022ರಲ್ಲಿ ಬ್ರಾಂಚ್ ಎಂಬ ಕಂಪನಿ ಕೊಂಡಿತು, 2024ರಲ್ಲಿ ತಂಡದ ಬಹುಪಾಲು ಜನ ಕೆಲಸ ಕಳೆದುಕೊಂಡರು, 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಕಟ್ಟಿದ ಕೆವಿನ್ ಬ್ಯಾರಿ ಅವರೇ ಹೊರನಡೆದರು. ಫೋನಿನ ಹೆಬ್ಬಾಗಿಲಿನಂತಿರುವ ಆಪ್‌ಗೆ, ಅದನ್ನು ಕಟ್ಟಿದವರೇ ಕಾವಲಿರಬೇಕು ಅನ್ನುವವನು ನಾನು.

ನಯಾಗರಾ ನೋಡಲು ಮೂರರಲ್ಲೂ ಅಂದ. ಬೇಕಾದ ಆಪ್‌ಗಳ ಒಂದು ಪಟ್ಟಿ, ಪಕ್ಕದಲ್ಲಿ ಅಕ್ಷರಗಳ ಸಾಲು. ಹೆಬ್ಬೆರಳು ಸವರಿದರೆ ಆಯಾ ಅಕ್ಷರದ ಆಪ್‌ಗಳು ಎದುರಿಗೆ ಬರುತ್ತವೆ. ಬಸ್ಸಿನಲ್ಲಿ ಒಂದು ಕೈ ಮೇಲಿನ ಕಂಬಿಗೆ ಕೊಟ್ಟು ನಿಂತಾಗ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಕೆಲವು ಸೌಲಭ್ಯಗಳಿಗೆ ಪ್ರೊ ಎಂಬ ಪಾವತಿ ಆವೃತ್ತಿ ಕೊಳ್ಳಬೇಕು. ಉಚಿತದಲ್ಲೇ ನನ್ನ ಕೆಲಸ ನಡೆಯುತ್ತಿತ್ತು.

ನಡೆಯದಿದ್ದದ್ದು ಎಲ್ಲಿ ಅಂದರೆ, ನನ್ನ ಫೋನ್ ಪೂರ್ತಿ ಕನ್ನಡದಲ್ಲಿದೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದವರಿಗೆಲ್ಲ ಈ ಫಜೀತಿ ಗೊತ್ತಿರುತ್ತದೆ. ಗಡಿಯಾರ, ಕ್ಯಾಮರಾ, ಸೆಟ್ಟಿಂಗ್‌ಗಳು ಕನ್ನಡ ಲಿಪಿಗೆ ಬರುತ್ತವೆ. ವಾಟ್ಸಾಪ್, ಫೋನ್‌ಪೇ, ಬ್ಯಾಂಕಿನ ಆಪ್ ಎಲ್ಲ ಇಂಗ್ಲಿಷ್ ಲಿಪಿಯಲ್ಲೇ ಉಳಿಯುತ್ತವೆ. ಅಕ್ಷರದ ಮೇಲೆ ನಿಂತ ಪಟ್ಟಿ ಆಗ ಎರಡು ಹೋಳಾಗುತ್ತದೆ, ಒಂದೊಂದು ಆಪ್ ಬೇಕಾದಾಗಲೂ ಅದು ಯಾವ ಹೋಳಿನಲ್ಲಿದೆ ಎಂದು ಯೋಚಿಸಬೇಕು.

ಹುಡುಕೋಣ ಎಂದರೆ ಅಲ್ಲೂ ತೊಡಕು. ಕೀಬೋರ್ಡ್ ಕೊನೆಗೆ ಯಾವ ಭಾಷೆಯಲ್ಲಿತ್ತೋ ಅದರಲ್ಲೇ ತೆರೆದುಕೊಳ್ಳುತ್ತದೆ. ಆಫೀಸಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿ ಬಂದಿರುತ್ತೇನೆ, ಅಲಾರಂ ಇಡಬೇಕು. ‘ಕ್ಲಾಕ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಪಟ್ಟಿ ಖಾಲಿ. ಕೀಬೋರ್ಡಿನ ಭಾಷೆ ಬದಲಿಸುವ ಗ್ಲೋಬ್ ಗುಂಡಿ ಒತ್ತಿ ಕನ್ನಡಕ್ಕೆ ಹೋಗಿ ‘ಗಡಿ’ ಅಂದ ಮೇಲೆ ಸಿಗುತ್ತದೆ. ಮುಂದಿನ ಸಲ ಬ್ಯಾಂಕ್ ಆಪ್ ಬೇಕಾದಾಗ ಇದರ ಉಲ್ಟಾ. ಹಾಲಿನ ಅಂಗಡಿಯಲ್ಲಿ ಹಿಂದೆ ನಾಲ್ಕು ಜನ ನಿಂತಿರುವಾಗ ಹೀಗಾದರೆ ಮೈಯೆಲ್ಲ ಉರಿಯುತ್ತದೆ. ಇದು ಮೂರು ಲಾಂಚರ್‌ಗಳಲ್ಲೂ ಇರುವ ತೊಂದರೆ, ಆದರೆ ಅಕ್ಷರದ ಸಾಲನ್ನೇ ನೆಚ್ಚಿಕೊಂಡ ನಯಾಗರಾದಲ್ಲಿ ನನಗೆ ಹೆಚ್ಚು ಬಾಧಿಸಿತು.

ಓಲಾಂಚರ್‌ನಲ್ಲಿ ಐಕಾನ್ ಇಲ್ಲವೇ ಇಲ್ಲ, ಬರೀ ಅಕ್ಷರ. ಮುಖಪುಟದಲ್ಲಿ ಹೆಚ್ಚೆಂದರೆ 8 ಆಪ್. ಹೆಸರನ್ನು ಒತ್ತಿ ಹಿಡಿದು ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಹೆಸರು ಬದಲಿಸುವುದು ನೋವಾದಲ್ಲೂ ಸಾಧ್ಯ, ಆದರೆ ಅಲ್ಲಿ ಕಣ್ಣು ಹೋಗುವುದು ಚಿತ್ರಕ್ಕೆ. ಇಲ್ಲಿ ಸ್ಕ್ರೀನ್ ತುಂಬ ಇರುವುದೇ ನಾನಿಟ್ಟ ಮಾತು: ಫೋನ್, ವಾಟ್ಸಾಪ್, ದುಡ್ಡು, ಬ್ಯಾಂಕ್, ಫೋಟೋ, ದಾರಿ, ಹಾಡು, ಪೇಪರ್. ದಪ್ಪ ಕನ್ನಡ ಅಕ್ಷರಗಳು, ಹಿಂದೆ ಕಪ್ಪು ಬಣ್ಣ. ಕನ್ನಡದ ಫೋನ್ ಅಂದರೆ ಹೀಗಿರಬೇಕು ಎಂದು ನನಗೆ ಮೊದಲ ಬಾರಿ ಅನ್ನಿಸಿದ್ದು ಇದರಲ್ಲೇ.

ಉಳಿದ ಆಪ್‌ಗಳಿಗೆ ಒಂದು ಉಪಾಯ ಮಾಡಿದೆ. ಹೆಸರು ಬದಲಿಸುವಾಗ ಎರಡೂ ಲಿಪಿಯಲ್ಲಿ ಬರೆದೆ: ‘ಗಡಿಯಾರ’ ಎಂಬುದರ ಪಕ್ಕದಲ್ಲೇ ಇಂಗ್ಲಿಷ್ ಲಿಪಿಯಲ್ಲಿ ‘ಕ್ಲಾಕ್’. ಹೆಸರಿನ ನಡುವಿನ ಅಕ್ಷರಗಳನ್ನೂ ಇದು ಹುಡುಕುತ್ತದೆ, ಹಾಗಾಗಿ ಕೀಬೋರ್ಡ್ ಯಾವ ಭಾಷೆಯಲ್ಲಿದ್ದರೂ ಆಪ್ ಸಿಗುತ್ತದೆ. ಹುಡುಕಿದ್ದಕ್ಕೆ ಒಂದೇ ಆಪ್ ಹೊಂದಿಕೆಯಾದರೆ ಅದು ತಾನೇ ತೆರೆದುಕೊಳ್ಳುತ್ತದೆ, ಒತ್ತುವ ಕೆಲಸವೂ ಇಲ್ಲ. ಒಂದು ಸಂಜೆ ಕೂತು ಮುಗಿಸಿಬಿಡಬಹುದಾದ ಕೆಲಸ.

ಕೊರತೆಗಳೂ ಇವೆ. ಹೋಮ್ ಸ್ಕ್ರೀನಿನಲ್ಲೇ ಮಾಹಿತಿ ತೋರಿಸುವ ವಿಜೆಟ್ ಇಲ್ಲ, ಕ್ಯಾಲೆಂಡರ್ ಎದುರಿಗೇ ಇರಬೇಕು ಅನ್ನುವವರಿಗೆ ಇದು ಒಗ್ಗುವುದಿಲ್ಲ. ಎರಡು ಸಲ ತಟ್ಟಿದರೆ ಸ್ಕ್ರೀನ್ ಲಾಕ್ ಆಗುವ ಸೌಲಭ್ಯಕ್ಕೆ ಆಕ್ಸೆಸಿಬಿಲಿಟಿ ಅನುಮತಿ, ಅಂದರೆ ಪರದೆಯನ್ನು ಓದಿ ನಿಯಂತ್ರಿಸುವ ಅನುಮತಿ, ಕೊಡಬೇಕು. ಅದನ್ನು ಕೊಟ್ಟ ಮೇಲೆ ನನ್ನ ಬ್ಯಾಂಕ್ ಆಪ್ ಎಚ್ಚರಿಕೆ ತೋರಿಸಿ ಒಳಗೆ ಬಿಡಲಿಲ್ಲ. ಅನುಮತಿ ತೆಗೆದೆ, ಬದಿಯ ಪವರ್ ಬಟನ್ನೇ ಸಾಕು.

ಜೆಸ್ಚರ್, ಅಂದರೆ ಬೆರಳು ಸರಿಸಿ ಫೋನ್ ನಡೆಸುವುದರ ಬಗ್ಗೆ ಒಂದು ಮಾತು. ಆಂಡ್ರಾಯ್ಡ್ 10ರಿಂದ ಈಚೆಗೆ ಬೆರಳಲ್ಲಿ ಸರಿಸಿ ಹಿಂದೆ ಹೋಗುವ ವ್ಯವಸ್ಥೆ ಬಂತಲ್ಲ, ಅದರಲ್ಲಿ ಇತ್ತೀಚೆಗೆ ತೆರೆದ ಆಪ್‌ಗಳನ್ನು ತೋರಿಸುವ ಪರದೆ ಫೋನಿನ ಜೊತೆ ಬಂದ ಲಾಂಚರ್‌ಗೇ ಸೇರಿರುತ್ತದೆ. ಹೊರಗಿನ ಯಾವ ಲಾಂಚರ್ ಹಾಕಿದರೂ ಹೋಮ್ ಸ್ಕ್ರೀನಿಗೆ ಮರಳುವಾಗ ಒಂದು ಸಣ್ಣ ತಡವರಿಕೆ ಕಾಣಬಹುದು. ಜೆಸ್ಚರ್ ಬಿಟ್ಟು ಸ್ಕ್ರೀನಿನ ಕೆಳಗಿನ ಮೂರು ಬಟನ್‌ಗಳಿಗೆ ಹೋದೆ, ತಡವರಿಕೆ ನಿಂತಿತು. ಕಂಪನಿಯ ಲಾಂಚರನ್ನು ಮಾತ್ರ ನಿಷ್ಕ್ರಿಯ ಮಾಡಲು ಹೋಗಬೇಡಿ, ಇತ್ತೀಚಿನ ಆಪ್‌ಗಳ ಪರದೆಯೇ ಕೈಕೊಡಬಹುದು.

ದುಡ್ಡಿನ ಮಾತಿಗೆ ಬಂದರೆ ಓಲಾಂಚರ್ ಉಚಿತ, ಜಾಹೀರಾತಿಲ್ಲ, ಕೋಡ್ ಎಲ್ಲರಿಗೂ ತೆರೆದಿದೆ. ಕಡಿಮೆ ರ್‍ಯಾಮ್‌ನ ನನ್ನ ಫೋನಿಗೆ ಭಾರವೂ ಅಲ್ಲ. ಫೋನನ್ನು ಇಂಗ್ಲಿಷಿನಲ್ಲೇ ಬಳಸುವವರಾದರೆ ನಾನೇ ನಯಾಗರಾ ಹಾಕಿಕೊಳ್ಳಿ ಅನ್ನುತ್ತೇನೆ. ಅಪ್ಪನ ಫೋನಿಗೆ ಮಾತ್ರ ನೋವಾವನ್ನೇ ಬಿಟ್ಟಿದ್ದೇನೆ: ಮೂರೇ ಕಾಲಂ, ದೊಡ್ಡ ಐಕಾನ್, ಒತ್ತಿ ಹಿಡಿದರೂ ಜಾಗ ಬಿಟ್ಟು ಕದಲದಂತೆ ಲಾಕ್. ಅವರು ಆಪ್ ಗುರುತಿಸುವುದು ಬಣ್ಣದಿಂದ. “ಆ ಹಸಿರುದ್ದು ಎಲ್ಲಿ ಹೋಯ್ತೋ?” ಅಂತ ಅವರು ಕೇಳುವಂತಾಗಬಾರದು.