ಲ್ಯಾಬುಗಳ ‘ಕೋವಿಡ್ ಪ್ಯಾಕೇಜ್’: ಐದಕ್ಕೆ ಮೂರು ಅಂಕ, ಅದೂ ಎರಡು ಸಲ ಮಾಡಿಸಿದರೆ

ಹುಬ್ಬಳ್ಳಿ-ಧಾರವಾಡದ ಲ್ಯಾಬುಗಳಲ್ಲಿ ‘ಕೋವಿಡ್ ಪ್ರೊಫೈಲ್’, ‘ಇನ್‌ಫ್ಲಮೇಟರಿ ಮಾರ್ಕರ್ಸ್’ ಎಂಬ ಹೆಸರಿನಲ್ಲಿ ಸಿಗುವ ಪ್ಯಾಕೇಜ್‌ನಲ್ಲಿ ಸಾಮಾನ್ಯವಾಗಿ ಆರು ತಪಾಸಣೆಗಳಿರುತ್ತವೆ: ರಕ್ತಕಣಗಳನ್ನು ಎಣಿಸುವ ಸಿಬಿಸಿ, ಉರಿಯೂತ ತೋರಿಸುವ ಸಿಆರ್‌ಪಿ, ಜೀವಕೋಶಗಳಿಗಾದ ಪೆಟ್ಟು ತೋರಿಸುವ ಎಲ್‌ಡಿಎಚ್, ರಕ್ತ ಹೆಪ್ಪುಗಟ್ಟಿ ಕರಗಿದ್ದರ ಗುರುತಾದ ಡಿ-ಡೈಮರ್, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮತ್ತು ಉರಿಯೂತದ ಸಂದೇಶ ಒಯ್ಯುವ ಐಎಲ್-6. ಕೆಲವೆಡೆ ಬ್ಯಾಕ್ಟೀರಿಯಾ ಸೋಂಕಿನ ಸುಳಿವು ಕೊಡುವ ಪ್ರೊಕ್ಯಾಲ್ಸಿಟೋನಿನ್ ಕೂಡ ಸೇರುತ್ತದೆ. ದವಾಖಾನೆಗೆ ದಾಖಲಾದವರಲ್ಲಿ ಯಾರ ಸ್ಥಿತಿ ಬಿಗಡಾಯಿಸಬಹುದು ಎಂಬ ಸುಳಿವನ್ನು ಮೊದಲೇ ಹಿಡಿಯುವುದು ಇದರ ಉದ್ದೇಶ. ಆ ಕೆಲಸವನ್ನು ಇದು ಅರ್ಧ ಮಾಡುತ್ತದೆ. ಸಿಬಿಸಿ, ಸಿಆರ್‌ಪಿ, ಎಲ್‌ಡಿಎಚ್, ಡಿ-ಡೈಮರ್ ಈ ನಾಲ್ಕಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಎಲ್ಲಕ್ಕಿಂತ ತುಟ್ಟಿಯಾದ ಐಎಲ್-6 ಹೆಚ್ಚಿನವರಿಗೆ ಬೇಕಿಲ್ಲ. ನಿಜಕ್ಕೂ ಬೇಕಾದ, ಮೂತ್ರಪಿಂಡದ ಸ್ಥಿತಿ ತಿಳಿಸುವ ಬ್ಲಡ್ ಯೂರಿಯಾವನ್ನು ಚಿಕ್ಕ ಪ್ಯಾಕೇಜ್‌ಗಳಲ್ಲಿ ಬೇರೆಯಾಗಿಯೇ ಬರೆಸಬೇಕಾಗುತ್ತದೆ.

ಮೊದಲು ದಿನದ ಲೆಕ್ಕ. ಕೋವಿಡ್ ತೀವ್ರವಾಗುವವರಲ್ಲಿ ಉಸಿರಾಟ ಕೆಡುವುದು ಬಹುಮಟ್ಟಿಗೆ ಎರಡನೆಯ ವಾರದ ಹೊಸ್ತಿಲಲ್ಲಿ, ಏಳರಿಂದ ಹತ್ತನೆಯ ದಿನದ ನಡುವೆ. ಈ ಎಣಿಕೆ ಜ್ವರ ಅಥವಾ ಕೆಮ್ಮು ಶುರುವಾದ ದಿನದಿಂದ, ಆರ್‌ಟಿಪಿಸಿಆರ್ ರಿಪೋರ್ಟ್ ಬಂದ ದಿನದಿಂದಲ್ಲ. ಎರಡನೆಯ ದಿನ ಮಾಡಿಸಿದ ಪ್ಯಾಕೇಜ್ ‘ಎಲ್ಲ ನಾರ್ಮಲ್’ ಎಂದರೆ ಅದು ಎರಡನೆಯ ದಿನದ ಮಾತು ಅಷ್ಟೇ. ಅದನ್ನು ಕಿಸೆಯಲ್ಲಿಟ್ಟುಕೊಂಡು ಒಂಬತ್ತನೆಯ ದಿನದ ಉಬ್ಬಸವನ್ನು ಕಡೆಗಣಿಸಿದವರೇ ತಡವಾಗಿ ದವಾಖಾನೆಗೆ ಬರುತ್ತಾರೆ.

ಸಿಆರ್‌ಪಿ ಈ ಪ್ಯಾಕೇಜ್‌ನ ಬೆನ್ನೆಲುಬು. ಉರಿಯೂತದ ಸಂದೇಶ ಸಿಕ್ಕಾಗ ಯಕೃತ್ತು ತಯಾರಿಸುವ ಪ್ರೋಟೀನ್ ಇದು. ಆರೆಂಟು ಗಂಟೆಗಳಲ್ಲಿ ಏರತೊಡಗಿ, ಎರಡು ದಿನಗಳ ಒಳಗೆ ತುದಿ ಮುಟ್ಟುತ್ತದೆ. ಕಾರಣ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಇಂದಿನ ಮತ್ತು ನಾಡಿದ್ದಿನ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ರೋಗದ ದಿಕ್ಕು ತಿಳಿಯುತ್ತದೆ. ಕೋವಿಡ್ ಔಷಧಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ, ಐಎಲ್-6 ಅನ್ನು ತಡೆಯುವ ಔಷಧವಾದ ಟೊಸಿಲಿಜುಮಾಬ್ ಯಾರಿಗೆ ಎಂದು ನಿರ್ಧರಿಸಲು ಇಟ್ಟ ಗೆರೆ ಆಮ್ಲಜನಕದ ಕೊರತೆಯ ಜೊತೆಗೆ ಲೀಟರಿಗೆ 75 ಮಿಲಿಗ್ರಾಂ ಸಿಆರ್‌ಪಿ. ಇಲ್ಲಿ ಎಡವುವುದು ಅಳತೆಯ ಘಟಕದಲ್ಲಿ. ಕೆಲವು ಲ್ಯಾಬುಗಳು ಲೀಟರಿಗೆ ಮಿಲಿಗ್ರಾಂ ಎಂದು ಬರೆಯುತ್ತವೆ, ಕೆಲವು ಡೆಸಿಲೀಟರಿಗೆ. ಒಂದು ರಿಪೋರ್ಟ್‌ನ 9.6 ಇನ್ನೊಂದರ 96ಕ್ಕೆ ಸಮ. ಇದನ್ನು ಗಮನಿಸದೆ ‘ಇಳದೈತ್ರಿ’ ಎಂದು ಸಮಾಧಾನಪಟ್ಟುಕೊಂಡರೆ ಕೆಟ್ಟಿತು.

ಸಿಬಿಸಿಯಲ್ಲಿ ನೋಡಬೇಕಾದದ್ದು ಲಿಂಫೊಸೈಟ್ ಎಂಬ ಬಗೆಯ ಬಿಳಿ ರಕ್ತಕಣಗಳ ಎಣಿಕೆ. ಒಟ್ಟು ಬಿಳಿ ರಕ್ತಕಣ 9,000, ಅದರಲ್ಲಿ ಲಿಂಫೊಸೈಟ್ ಶೇ 10 ಎಂದರೆ 900. ಸಾವಿರದ ಕೆಳಗೆ ಹೋಯಿತು ಎಂದರೆ ಕಣ್ಣಿಡಬೇಕು. ಇನ್ನೊಂದು ಬಗೆಯ ಬಿಳಿ ಕಣವಾದ ನ್ಯೂಟ್ರೊಫಿಲ್ ಶೇ 82 ಇದ್ದರೆ ಎರಡರ ಅನುಪಾತ 8.2, ಇದು ಜಾಸ್ತಿ. ಆದರೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಶುರುವಾದ ಮೇಲೆ ನ್ಯೂಟ್ರೊಫಿಲ್ ಏರುವುದು, ಲಿಂಫೊಸೈಟ್ ಇಳಿಯುವುದು ಔಷಧದಿಂದಲೂ ಆಗುತ್ತದೆ. ಆದ್ದರಿಂದ ಸ್ಟಿರಾಯ್ಡ್‌ಗೆ ಮೊದಲು ತೆಗೆದ ಒಂದು ಸಿಬಿಸಿ ಕೈಯಲ್ಲಿರಬೇಕು.

ಗದಗ, ರೋಣ, ಬ್ಯಾಡಗಿ, ಶಿಗ್ಗಾಂವಿ ಕಡೆಯಿಂದ ಹುಬ್ಬಳ್ಳಿಗೆ ರಕ್ತ ಕಳಿಸುವವರು ಹೆಚ್ಚು ಗಮನಿಸಬೇಕಾದದ್ದು ಎಲ್‌ಡಿಎಚ್. ಶ್ವಾಸಕೋಶ ಮತ್ತು ಇತರ ಅಂಗಗಳ ಜೀವಕೋಶಗಳಿಗೆ ಪೆಟ್ಟಾದಾಗ ಇದು ರಕ್ತಕ್ಕೆ ಸೋರುತ್ತದೆ. ಅದಕ್ಕೇ ಒಳ್ಳೆಯ ಸೂಚಕ. ಆದರೆ ಕೆಂಪು ರಕ್ತಕಣಗಳ ಒಳಗೆ ಸೀರಂಗಿಂತ (ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ) ಎಷ್ಟೋ ಪಟ್ಟು ಎಲ್‌ಡಿಎಚ್ ಇರುತ್ತದೆ. ಸಣ್ಣ ಸೂಜಿಯಿಂದ ಸಿರಿಂಜ್ ಜಗ್ಗಿ ಎಳೆದರೆ, ಟ್ಯೂಬಿಗೆ ಒತ್ತಿ ಸುರಿದರೆ, ಜೋರಾಗಿ ಅಲ್ಲಾಡಿಸಿದರೆ, ಏಪ್ರಿಲ್ ಬಿಸಿಲಲ್ಲಿ ಬೇರ್ಪಡಿಸದ ರಕ್ತವನ್ನು ಬಸ್ಸಿನಲ್ಲಿ ಗಂಟೆಗಟ್ಟಲೆ ಕುಲುಕುತ್ತ ತಂದರೆ ಕಣಗಳು ಒಡೆಯುತ್ತವೆ, ಎಲ್‌ಡಿಎಚ್ ಸುಳ್ಳೇ ಏರುತ್ತದೆ. ಪೊಟ್ಯಾಸಿಯಂ ಕೂಡ ಜೊತೆಗೇ ಏರಿರುತ್ತದೆ, ಅದೇ ಸುಳಿವು. ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಸೀರಂ ತಿಳಿ ಹಳದಿಯ ಬದಲು ಗುಲಾಬಿಯಾಗಿ ಕಂಡರೆ ಆ ಸ್ಯಾಂಪಲ್ ತಿರಸ್ಕರಿಸಿ ಮತ್ತೆ ರಕ್ತ ತೆಗೆಯಬೇಕು. ‘ಹೀಮೊಲೈಸ್ಡ್’ (ಕಣಗಳು ಒಡೆದಿವೆ) ಎಂದು ಅಡಿಯಲ್ಲಿ ಸಣ್ಣದಾಗಿ ಬರೆದು ಅಂಕಿ ಕೊಟ್ಟುಬಿಡುವುದು ಸರಿಯಲ್ಲ, ಆ ಸಾಲನ್ನು ಮನೆಯವರು ಓದುವುದಿಲ್ಲ. ಕಲೆಕ್ಷನ್ ಸೆಂಟರಿನಲ್ಲೇ ಸೀರಂ ಬೇರ್ಪಡಿಸಿ ಕಳಿಸುತ್ತಾರೆಯೇ ಎಂದು ಮೊದಲೇ ಕೇಳಿ. ಬೇರ್ಪಡಿಸುವುದಿಲ್ಲ ಎಂದರೆ ಎಲ್‌ಡಿಎಚ್ ಅನ್ನು ಊರಿನಲ್ಲೇ ಮಾಡಿಸುವುದು ಮೇಲು.

ಇನ್ನು ಮನೆಯವರನ್ನು ಹೆಚ್ಚು ಹೆದರಿಸುವ ಡಿ-ಡೈಮರ್. ‘ಡಿ-ಡೈಮರ್ ಡಬಲ್ ಆಗೇತ್ರಿ, ರಕ್ತ ಹೆಪ್ಪುಗಟ್ಟೇತೇನ್ರಿ?’ ಎಂಬ ಪ್ರಶ್ನೆಯ ಹಿಂದೆ ಎಷ್ಟೋ ಸಲ ರೋಗವಿರುವುದಿಲ್ಲ, ಘಟಕ ಬದಲಾಗಿರುತ್ತದೆ. ಎಫ್‌ಇಯು ಮತ್ತು ಡಿಡಿಯು ಎಂಬ ಎರಡು ಘಟಕಗಳಿವೆ. ಒಂದು ಡಿಡಿಯು ಸುಮಾರು ಎರಡು ಎಫ್‌ಇಯುಗೆ ಸಮ. ಜೊತೆಗೆ ಕೆಲವರು ನ್ಯಾನೊಗ್ರಾಂನಲ್ಲಿ ಬರೆದರೆ ಕೆಲವರು ಮೈಕ್ರೊಗ್ರಾಂನಲ್ಲಿ ಬರೆಯುತ್ತಾರೆ. ಮಿಲಿಲೀಟರಿಗೆ 500 ನ್ಯಾನೊಗ್ರಾಂ ಎಂದರೂ 0.5 ಮೈಕ್ರೊಗ್ರಾಂ ಎಂದರೂ ಒಂದೇ. ವುಹಾನ್‌ನ ಎರಡು ಆಸ್ಪತ್ರೆಗಳ 191 ರೋಗಿಗಳ ವರದಿ 2020ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ದಾಖಲಾಗುವಾಗ ಡಿ-ಡೈಮರ್ 1 ಮೈಕ್ರೊಗ್ರಾಂ ದಾಟಿದವರಲ್ಲಿ ಸಾವಿನ ಅಪಾಯ ಹೆಚ್ಚು ಎಂದು ಅದು ಹೇಳಿತು. ಈ ತಪಾಸಣೆ ಮನೆಮಾತಾದದ್ದು ಆಮೇಲೆ. ಆದರೆ ವಯಸ್ಸಾದವರಲ್ಲಿ, ಗರ್ಭಿಣಿಯರಲ್ಲಿ, ಹೊಸದಾಗಿ ಆಪರೇಷನ್ ಆದವರಲ್ಲಿ ಇದು ಕೋವಿಡ್ ಇಲ್ಲದೆಯೂ ಏರಿರುತ್ತದೆ.

ಡಿ-ಡೈಮರ್‌ಗೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್ ಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್: 2.7 ಮಿಲಿಲೀಟರ್ ರಕ್ತ, 0.3 ಮಿಲಿಲೀಟರ್ ದ್ರವ. ರಕ್ತ ಗೆರೆ ಮುಟ್ಟದಿದ್ದರೆ ಅನುಪಾತ ಕೆಡುತ್ತದೆ. ಬಟರ್‌ಫ್ಲೈ ಸೂಜಿ ಬಳಸಿದಾಗ ಅದರ ನಳಿಕೆಯಲ್ಲಿರುವ ಗಾಳಿಯೇ ಟ್ಯೂಬಿನ ಒಂದಿಷ್ಟು ಜಾಗ ತಿನ್ನುವುದರಿಂದ, ಮೊದಲು ಒಂದು ಟ್ಯೂಬನ್ನು ಬಿಸಾಡುವುದಕ್ಕೆಂದೇ ತುಂಬಿಸಿ ಆಮೇಲೆ ನೀಲಿ ಟ್ಯೂಬ್ ಹಚ್ಚಬೇಕು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಕೊನೆಗೆ. ತುಂಬಿದ ಕೂಡಲೇ ನೀಲಿ ಟ್ಯೂಬನ್ನು ಮೂರ್ನಾಲ್ಕು ಸಲ, ನೇರಳೆಯದನ್ನು ಎಂಟರಿಂದ ಹತ್ತು ಸಲ ನಿಧಾನವಾಗಿ ತಲೆಕೆಳಗು ಮಾಡದಿದ್ದರೆ ಸಣ್ಣ ಹೆಪ್ಪು ಕಟ್ಟಿ ಫಲಿತಾಂಶ ಹಾಳಾಗುತ್ತದೆ. ರಕ್ತ ತೆಗೆಯುವವರ ಕೈ ಚೆನ್ನಾಗಿರುವ ಲ್ಯಾಬ್, ದೊಡ್ಡ ಮಷಿನ್ ಇರುವ ಲ್ಯಾಬಿಗಿಂತ ವಾಸಿ.

ಫೆರಿಟಿನ್ ಬಗ್ಗೆ ಎರಡೇ ಮಾತು. ಕಬ್ಬಿಣಾಂಶದ ಕೊರತೆ ಇರುವ ಹೆಣ್ಣುಮಕ್ಕಳಲ್ಲಿ ಇದು ಮೊದಲೇ ತಳದಲ್ಲಿರುತ್ತದೆ, ಉರಿಯೂತದಿಂದ ಏರಿದರೂ ‘ನಾರ್ಮಲ್’ ಗೆರೆಯೊಳಗೇ ನಿಲ್ಲಬಹುದು. ಯಕೃತ್ತಿನ ಕಾಯಿಲೆ ಇದ್ದವರಲ್ಲಿ ಉಲ್ಟಾ, ಸುಮ್ಮನೆ ಏರಿರುತ್ತದೆ.

ಐಎಲ್-6 ಬೇಡ ಎನ್ನಲು ಕಾರಣವಿದೆ. ಯಕೃತ್ತಿನಿಂದ ಸಿಆರ್‌ಪಿ ಹೊರಡಿಸುವ ಮುಖ್ಯ ಸಂದೇಶವೇ ಐಎಲ್-6. ಆದ್ದರಿಂದ ಸಿಆರ್‌ಪಿ ನೋಡಿದರೆ ಅದರ ನೆರಳು ಕಂಡ ಹಾಗೆ. ರಕ್ತ ತೆಗೆದ ಮೇಲೆ ಬೇಗ ಬೇರ್ಪಡಿಸಿ ತಂಪಾಗಿ ಇಡದಿದ್ದರೆ ಐಎಲ್-6 ಅಂಕಿಯೇ ಕೆಡುತ್ತದೆ. ರಿಪೋರ್ಟ್ ಕೈಸೇರಲು ಹೊತ್ತೂ ಹೆಚ್ಚು. ಕೇಂದ್ರ ಸರ್ಕಾರದ 2021ರ ಚಿಕಿತ್ಸಾ ಮಾರ್ಗಸೂಚಿ ಕೂಡ ಇದನ್ನು ಸ್ಥಿತಿ ಹದಗೆಡುತ್ತಿರುವವರಿಗೆ, ಸೌಲಭ್ಯ ಇದ್ದರೆ ಮಾತ್ರ ಎಂದಿತ್ತು. ಟೊಸಿಲಿಜುಮಾಬ್ ಕೊಟ್ಟ ಮೇಲಂತೂ ಐಎಲ್-6 ಏರುತ್ತದೆ, ಏಕೆಂದರೆ ಔಷಧ ಜೀವಕೋಶಗಳ ಮೇಲೆ ಅದು ಕೂರುವ ಜಾಗವನ್ನು (ರಿಸೆಪ್ಟರ್) ಮುಚ್ಚುತ್ತದೆ, ಐಎಲ್-6 ಬಳಕೆಯಾಗದೆ ರಕ್ತದಲ್ಲೇ ಉಳಿಯುತ್ತದೆ. ಅದೇ ಹೊತ್ತಿಗೆ ಸಿಆರ್‌ಪಿ ನೆಲ ಕಚ್ಚುತ್ತದೆ. ಆ ಇಳಿಕೆಯನ್ನು ಗುಣ ಎಂದು ಓದಬಾರದು. ಒಳಗೆ ಹೊಸ ಬ್ಯಾಕ್ಟೀರಿಯಾ ಸೋಂಕು ಹತ್ತಿದ್ದರೂ ಸಿಆರ್‌ಪಿ ಸುಮ್ಮನಿರಬಹುದು.

ಪ್ರೊಕ್ಯಾಲ್ಸಿಟೋನಿನ್ ಉಪಯೋಗಕ್ಕೆ ಬರುವುದು ಬ್ಯಾಕ್ಟೀರಿಯಾ ಸೋಂಕಿನ ಅನುಮಾನ ಬಂದಾಗ, ಅದೂ ಮೂತ್ರಪಿಂಡ ಸರಿ ಇದ್ದವರಲ್ಲಿ. ದಾಖಲಾದ ಮೊದಲ ದಿನವೇ ಎಲ್ಲರಿಗೂ ಬೇಕಿಲ್ಲ.

ಈಗ ಪಟ್ಟಿಯಲ್ಲಿ ಇಲ್ಲದ ಯೂರಿಯಾ. ಬ್ರಿಟನ್ನಿನಲ್ಲಿ ದಾಖಲಾದ ಸಾವಿರಾರು ರೋಗಿಗಳ ಮಾಹಿತಿಯಿಂದ 2020ರಲ್ಲಿ ರೂಪಿಸಿದ, ಸಾವಿನ ಅಪಾಯ ಅಳೆಯುವ 4ಸಿ ಅಂಕಪದ್ಧತಿ ಎಂಟು ಸಂಗತಿಗಳನ್ನು ಕೇಳುತ್ತದೆ: ವಯಸ್ಸು, ಲಿಂಗ, ಇತರ ಕಾಯಿಲೆಗಳು, ಉಸಿರಾಟದ ವೇಗ, ಹೊರಗಿನಿಂದ ಆಮ್ಲಜನಕ ಕೊಡದೆ ಇರುವಾಗಿನ ಆಕ್ಸಿಮೀಟರ್ ಅಂಕಿ, ಪ್ರಜ್ಞೆಯ ಮಟ್ಟ, ಯೂರಿಯಾ, ಸಿಆರ್‌ಪಿ. ರಕ್ತದಿಂದ ಬೇಕಾದದ್ದು ಎರಡೇ! ಒಟ್ಟು 21 ಅಂಕ. ಅಲ್ಲಿನ ಯೂರಿಯಾ ಗೆರೆಗಳು ಲೀಟರಿಗೆ 7 ಮತ್ತು 14 ಮಿಲಿಮೋಲ್. ನಮ್ಮ ಲ್ಯಾಬುಗಳ ಡೆಸಿಲೀಟರ್ ಲೆಕ್ಕದಲ್ಲಿ ಅವು ಸುಮಾರು 42 ಮತ್ತು 84 ಮಿಲಿಗ್ರಾಂ. ರಿಪೋರ್ಟ್‌ನಲ್ಲಿ ‘ಬಿಯುಎನ್’ (ಯೂರಿಯಾದಲ್ಲಿನ ನೈಟ್ರೋಜನ್ ಮಾತ್ರ) ಎಂದಿದ್ದರೆ ಅದನ್ನು 2.14ರಿಂದ ಗುಣಿಸಿ ಯೂರಿಯಾಕ್ಕೆ ತಂದುಕೊಳ್ಳಬೇಕು.

ಉದಾಹರಣೆಗೆ, 64 ವರ್ಷದ ಗಂಡಸು, ಸಕ್ಕರೆ ಕಾಯಿಲೆ ಮತ್ತು ಬಿಪಿ ಎರಡೂ ಇವೆ. ವಯಸ್ಸಿಗೆ 4, ಗಂಡಸಾದ್ದಕ್ಕೆ 1, ಸಕ್ಕರೆ ಕಾಯಿಲೆಗೆ 1. ಬಿಪಿಯನ್ನು ಈ ಪದ್ಧತಿ ಎಣಿಸುವುದಿಲ್ಲ, ಅಲ್ಲಿ ತಪ್ಪುವವರು ಬಹಳ. ನಿಮಿಷಕ್ಕೆ 24 ಉಸಿರಿಗೆ 1, ಆಮ್ಲಜನಕ ಶೇ 90ಕ್ಕೆ 2, ಪ್ರಜ್ಞೆ ಸರಿ ಇದೆ 0, ಯೂರಿಯಾ 48ಕ್ಕೆ 1, ಸಿಆರ್‌ಪಿ 110ಕ್ಕೆ 2. ಒಟ್ಟು 12. 9ರಿಂದ 14 ಎಂದರೆ ಹೆಚ್ಚು ಅಪಾಯದ ಗುಂಪು. ಬ್ರಿಟನ್ನಿನ ಮೊದಲ ಅಲೆಯಲ್ಲಿ ಈ ಗುಂಪಿನ ಸುಮಾರು ಮೂವರಲ್ಲಿ ಒಬ್ಬರು ಉಳಿಯಲಿಲ್ಲ. ಲಸಿಕೆ, ಸ್ಟಿರಾಯ್ಡ್ ಬಂದ ಮೇಲೆ ಆ ಪ್ರಮಾಣವನ್ನು ಹಾಗೇ ತಂದು ಇಲ್ಲಿ ಹೇಳಬಾರದು. ಯಾರ ಹಾಸಿಗೆಯನ್ನು ನರ್ಸ್ ಕಣ್ಣಿಗೆ ಹತ್ತಿರ ಇಡಬೇಕು ಎಂದು ತೀರ್ಮಾನಿಸಲು ಮಾತ್ರ ಇದು ಸಾಕು. ವುಹಾನ್‌ನಲ್ಲಿ ಎಲ್‌ಡಿಎಚ್, ಸಿಆರ್‌ಪಿ, ಲಿಂಫೊಸೈಟ್ ಮೂರರಿಂದಲೇ ಕಟ್ಟಿದ ಇನ್ನೊಂದು ಮಾದರಿ ನೆದರ್ಲೆಂಡ್ಸ್, ನ್ಯೂಯಾರ್ಕ್‌ನ ರೋಗಿಗಳ ಮೇಲೆ ಅಷ್ಟು ಚೆನ್ನಾಗಿ ನಿಲ್ಲಲಿಲ್ಲ. ಯಾವ ಊರಿನ ರೋಗಿಗಳಿಂದ ಗೆರೆ ಎಳೆದರೋ ಆ ಊರಿನಲ್ಲೇ ಅದು ಚೆನ್ನಾಗಿ ದುಡಿಯುತ್ತದೆ.

ಮನೆಯಲ್ಲಿದ್ದು, ಉಸಿರಾಟ ಸರಿ ಇದ್ದು, ಆಕ್ಸಿಮೀಟರ್ 94ರ ಮೇಲಿದ್ದವರಿಗೆ ಈ ಪ್ಯಾಕೇಜ್ ಬೇಡ. ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ 2021ರ ಮೇ ತಿಂಗಳಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಅಂಕಿ ನೋಡಿ ಹೆದರಿ, ಆಮ್ಲಜನಕ ಬೇಕಿಲ್ಲದ ರೋಗಿ ಸ್ಟಿರಾಯ್ಡ್ ನುಂಗಿದರೆ ಲಾಭವಿಲ್ಲ, ಹಾನಿಯಾದೀತು. ದಾಖಲಾದವರಲ್ಲಿ ಮಧ್ಯಮ ಹಂತದವರಿಗೆ ಸಿಆರ್‌ಪಿ, ಡಿ-ಡೈಮರ್ 48ರಿಂದ 72 ಗಂಟೆಗೊಮ್ಮೆ, ತೀವ್ರ ಹಂತದವರಿಗೆ 24ರಿಂದ 48 ಗಂಟೆಗೊಮ್ಮೆ ಎಂಬುದು ಅದೇ ವರ್ಷದ ಮಾರ್ಗಸೂಚಿಯ ಲೆಕ್ಕ. ಎರಡನೆಯ ಸಲವೂ ಅದೇ ಲ್ಯಾಬಿಗೆ ಕೊಡಿ. ಚೀಟಿಯ ಮೇಲೆ ಜ್ವರ ಶುರುವಾದ ತಾರೀಕು, ರಕ್ತ ತೆಗೆದ ಗಂಟೆ, ಸ್ಟಿರಾಯ್ಡ್ ಅಥವಾ ಟೊಸಿಲಿಜುಮಾಬ್ ಕೊಟ್ಟಿದ್ದರೆ ಯಾವಾಗ ಎಂಬುದನ್ನು ಬರೆಸಿ. ಪ್ಯಾಕೇಜ್‌ನಿಂದ ಐಎಲ್-6 ತೆಗೆದು ಮೂತ್ರಪಿಂಡದ ತಪಾಸಣೆಗಳಾದ ಯೂರಿಯಾ, ಕ್ರಿಯೇಟಿನಿನ್ ಹಾಕಿಕೊಡಿ ಎಂದು ಕೌಂಟರ್‌ನಲ್ಲಿ ಕೇಳಿ. ಆಗದು ಎಂದರೆ ಪ್ಯಾಕೇಜ್ ಬಿಟ್ಟು ಬಿಡಿಬಿಡಿಯಾಗಿ ಬರೆಸಿ.