ಸೈನಸ್ ಲಿಫ್ಟೋ, ಗಿಡ್ಡ ಇಂಪ್ಲಾಂಟೋ?

ಮೇಲ್ದವಡೆಯ ಹಿಂದಿನ ಹಲ್ಲು ಹೋಗಿ ವರ್ಷಗಳಾದರೆ ಮೂಳೆ ಕರಗಿ ಸೈನಸ್ (ಕೆನ್ನೆಯೊಳಗಿನ ಗಾಳಿಗೂಡು) ಕೆಳಗಿಳಿದಿರುತ್ತದೆ; ಇಂಪ್ಲಾಂಟ್‌ಗೆ, ಅಂದರೆ ಕೃತಕ ಹಲ್ಲಿನ ಬೇರಾಗಿ ಮೂಳೆಯಲ್ಲಿ ಕೂರಿಸುವ ಸ್ಕ್ರೂಗೆ, ಜಾಗ ಸಾಲದಾಗಬಹುದು. ಮಂಗಳೂರಿನಲ್ಲೋ ಮಣಿಪಾಲದಲ್ಲೋ ಮೊದಲು ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್-ರೇ) ಮಾಡಿಸಿ, ಉಳಿದ ಮೂಳೆಯ ಎತ್ತರ ಕೇಳಿ.

7–8 ಮಿ.ಮೀ. ಇದ್ದರೆ 6 ಮಿ.ಮೀ. ಉದ್ದದ ಗಿಡ್ಡ ಇಂಪ್ಲಾಂಟೇ ವಾಸಿ: ಮೂಳೆ ಕಸಿ ಬೇಡ, ಸುಮಾರು 3–4 ತಿಂಗಳಲ್ಲಿ ಹಲ್ಲು. ಗಲ್ಫ್‌ನವರು ಒಂದು ರಜೆಯಲ್ಲಿ ಸ್ಕ್ರೂ, ಮುಂದಿನದರಲ್ಲಿ ಹಲ್ಲು ಹಾಕಿಸಿಕೊಳ್ಳಬಹುದು. ರಾತ್ರಿ ಹಲ್ಲು ಕಡಿಯುವವರಿಗೆ ಮಾತ್ರ ಭಾರ ಹೆಚ್ಚಾಗಿ ಸಡಿಲಾಗುವ ಭಯವಿದೆ.

4 ಮಿ.ಮೀ.ಗಿಂತ ಕಡಿಮೆಯಿದ್ದರೆ ಪಕ್ಕದಿಂದ ಕಿಟಕಿ ಕೊರೆದು, ಸೈನಸ್ ಪೊರೆ ಎತ್ತಿ, ಮೂಳೆಪುಡಿ ತುಂಬಬೇಕು; ಇದೇ ಸೈನಸ್ ಲಿಫ್ಟ್. 6–9 ತಿಂಗಳು ಕಾಯಬೇಕು. ಇಲ್ಲಿ ಹೆಚ್ಚಾಗಿ ಕೆಡುವುದು ಪೊರೆ ಹರಿದಾಗ. ಚಿಕ್ಕ ತೂತನ್ನು ಕೊಲಾಜನ್ ಹಾಳೆಯಿಂದ ಮುಚ್ಚಬಹುದು. ದೊಡ್ಡದಾದರೆ ಅಂದಿಗೆ ನಿಲ್ಲಿಸುವ ವೈದ್ಯರನ್ನೇ ನಂಬಿ. ಎರಡು ವಾರ ಮೂಗು ಸೀಟಬೇಡಿ.

ಬೀಡಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಎರಡು ದಾರಿಯಲ್ಲೂ ಇಂಪ್ಲಾಂಟ್ ಸೋಲಿಸುತ್ತವೆ.